ಫಾರ್ಮ್ ತುಂಬಿದ ಮೇಲೆ ನಮ್ಮ ಮಾಹಿತಿ ಎಲ್ಲಿಗೆ ಹೋಗುತ್ತದೆ?

ಹೋದ ಬೇಸಿಗೆಯಲ್ಲಿ ನಮ್ಮ ಅಕ್ಕನ ಮಗಳು ಒಂದು ಕೋಚಿಂಗ್ ಸಂಸ್ಥೆಯ ವೆಬ್‌ಸೈಟ್ ತೆರೆದಳು. ಪಿಯುಸಿ ಮೊದಲ ವರ್ಷ ಆಗಷ್ಟೇ ಮುಗಿದಿತ್ತು. ನೀಟ್ ತಯಾರಿಗೆ ಫೀಸ್ ಎಷ್ಟಾಗುತ್ತದೆ ಅಂತ ತಿಳಿಯಬೇಕಿತ್ತು, ಅಷ್ಟೇ. ಆದರೆ ಫೀಸ್ ಕಾಣುವ ಮೊದಲು ಒಂದು ಫಾರ್ಮ್ ಬಂತು. ಹೆಸರು, ಮೊಬೈಲ್ ನಂಬರ್, ಹುಟ್ಟಿದ ದಿನಾಂಕ, ತಂದೆಯ ಉದ್ಯೋಗ, ಜಾತಿ, ಮನೆ ವಿಳಾಸ. ಎಲ್ಲವನ್ನೂ ತುಂಬಿದಳು. ಮೂರನೇ ದಿನದಿಂದ ಫೋನ್ ಶುರುವಾಯಿತು. ಮೊದಲು ಆ ಸಂಸ್ಥೆಯವರು. ಆಮೇಲೆ ಯಾವುದೋ ಹಾಸ್ಟೆಲ್‌ನವರು. ಆಮೇಲೆ ಬೇರೆ ರಾಜ್ಯದಲ್ಲಿ ಮೆಡಿಕಲ್ ಸೀಟ್ ಕೊಡಿಸುತ್ತೇವೆ ಅನ್ನುವವರು, ಶಿಕ್ಷಣ ಸಾಲ ಬೇಕಾ ಅಂತ ಕೇಳುವವರು. ಒಬ್ಬರಂತೂ ಅವಳ ಅಪ್ಪನ ಕೆಲಸ ಏನು ಅಂತ ಅವರೇ ಹೇಳಿಬಿಟ್ಟರು.

"ಮಾಮಾ, ನಾ ಬರೀ ಫೀಸ್ ನೋಡ್ಲಿಕ್ಕ ಹೋಗಿದ್ದೆ. ಇವರಿಗೆಲ್ಲ ನನ್ನ ನಂಬರ್ ಯಾರು ಕೊಟ್ಟಾರ?" ಅಂತ ಕೇಳಿದಳು.

ನಾನು ಕಲಬುರಗಿಯಲ್ಲಿ ಸಣ್ಣ ಪುಟ್ಟ ವೆಬ್‌ಸೈಟ್ ಮಾಡಿಕೊಡುವವನು. ದಾಲ್ ಮಿಲ್ಲಿನವರು, ಬಟ್ಟೆ ಅಂಗಡಿಯವರು, ಒಂದಿಬ್ಬರು ಡಾಕ್ಟರು ನನ್ನ ಗಿರಾಕಿಗಳು. ಅಂಥ ಫಾರ್ಮ್‌ಗಳನ್ನು ನಾನೂ ಮಾಡಿದ್ದೇನೆ. ಹಾಗಾಗಿ ಅವಳ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವುದು ನನ್ನ ಜವಾಬ್ದಾರಿ ಅನ್ನಿಸಿತು. ಅವತ್ತು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲ್ಯಾಪ್‌ಟಾಪ್ ತೆರೆದು ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೋರಿಸಿದ್ದು ನೆಹರು ಗಂಜ್‌ನ ಬೇಳೆ ವ್ಯಾಪಾರಿಯೊಬ್ಬರ ಸೈಟ್. ಅದರಲ್ಲಿ ಯಾರೂ ಏನೂ ತುಂಬಬೇಕಾಗಿಲ್ಲ. ಸುಮ್ನೆ ಪುಟ ತೆರೆದು, ತೊಗರಿ ಬೇಳೆಯ ದರ ನೋಡಿ, ಮುಚ್ಚಿ ಹೋಗಬಹುದು. ಹಾಗೆ ಹೋದರೂ ಒಂದು ಸಾಲು ಉಳಿಯುತ್ತದೆ. ಗಂಜ್‌ನ ಅಡತ್ ಅಂಗಡಿಯಲ್ಲಿ ಗಾಡಿ ಬಂದ ಹಾಗೆಲ್ಲ ಗುಮಾಸ್ತ ವಹಿಯಲ್ಲಿ ಬರೆದುಕೊಳ್ಳುತ್ತಾನಲ್ಲ, ಹಾಗೆಯೇ ವೆಬ್‌ಸೈಟ್ ಇಟ್ಟಿರುವ ಕಂಪ್ಯೂಟರ್, ಅಂದರೆ ಸರ್ವರ್, ಬಂದವರ ಬಗ್ಗೆ ಬರೆದುಕೊಳ್ಳುತ್ತದೆ. ಇದಕ್ಕೆ ಲಾಗ್ ಅನ್ನುತ್ತಾರೆ. ಅವಳು ತನ್ನ ಫೋನಿನಿಂದ ಆ ಸೈಟ್ ತೆರೆದಳು. ಕೂಡಲೇ ನನ್ನ ಪರದೆಯ ಮೇಲೆ ಒಂದು ಸಾಲು ಬಂತು. ಸಂಜೆ 7 ಗಂಟೆ 42 ನಿಮಿಷ. ಆಂಡ್ರಾಯ್ಡ್ ಫೋನ್. ಕ್ರೋಮ್ ಬ್ರೌಸರ್. ಗೂಗಲ್‌ನಲ್ಲಿ ಹುಡುಕಿ ಬಂದದ್ದು. ನೋಡಿದ್ದು ದರದ ಪುಟ. ಅದರ ಜೊತೆಗೆ ಒಂದು ಐಪಿ ವಿಳಾಸ.

ಈ ಐಪಿ ವಿಳಾಸದ ಬಗ್ಗೆ ಜನರಲ್ಲಿ ಭಯ ಜಾಸ್ತಿ, ತಿಳಿವಳಿಕೆ ಕಡಿಮೆ. ಇಂಟರ್‌ನೆಟ್‌ನಲ್ಲಿ ಪುಟ ನಮಗೆ ಬಂದು ಮುಟ್ಟಬೇಕಾದರೆ ಎಲ್ಲಿಗೆ ಕಳಿಸಬೇಕು ಅಂತ ಸರ್ವರ್‌ಗೆ ಗೊತ್ತಿರಬೇಕು. ಅದಕ್ಕೇ ಈ ವಿಳಾಸ. ಹಳೆಯ ಪದ್ಧತಿಯಲ್ಲಿ ಅದು ನಾಲ್ಕು ಸಂಖ್ಯೆಗಳ ಗುಂಪು, ಪ್ರತಿ ಸಂಖ್ಯೆ 0ಯಿಂದ 255ರ ಒಳಗೆ. ಹೊಸ ಪದ್ಧತಿಯಲ್ಲಿ ಇನ್ನೂ ಉದ್ದ. ಅದರಲ್ಲಿ ನಿಮ್ಮ ಹೆಸರಿಲ್ಲ, ಮನೆ ನಂಬರ್ ಇಲ್ಲ. ಮೊಬೈಲ್ ಕಂಪನಿಗಳು ಎಷ್ಟೋ ಸಲ ಒಂದೇ ವಿಳಾಸವನ್ನು ನೂರಾರು ಗಿರಾಕಿಗಳ ನಡುವೆ ಹಂಚಿರುತ್ತವೆ. ನಮ್ಮ ಕಲಬುರಗಿಯ ಸೇಡಂ ರಸ್ತೆಯಲ್ಲಿ ಕೂತು ನೋಡಿದವರನ್ನು ಬೆಂಗಳೂರಿನವರು ಅಂತ ತೋರಿಸುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಆದರೆ ಆ ಹೊತ್ತಿನಲ್ಲಿ ಆ ವಿಳಾಸ ಯಾವ ಗಿರಾಕಿಯ ಬಳಿ ಇತ್ತು ಅನ್ನುವುದು ಮೊಬೈಲ್ ಕಂಪನಿಗೆ ಗೊತ್ತಿರುತ್ತದೆ. ಪೊಲೀಸರು ಕಾನೂನು ಪ್ರಕಾರ ಅವರನ್ನು ಕೇಳಿ ತಿಳಿದುಕೊಳ್ಳಬಹುದು. ವೆಬ್‌ಸೈಟ್ ನಡೆಸುವ ನನ್ನಂಥವನಿಗೆ ಅದು ಬರೀ ಅಂಕಿ.

ಲಾಗ್ ಇಡುವುದರಲ್ಲಿ ತಪ್ಪೇನೂ ಇಲ್ಲ. ಸೈಟ್ ಕೆಟ್ಟು ನಿಂತಾಗ, ಯಾರಾದರೂ ಒಳಗೆ ನುಗ್ಗಲು ನೋಡಿದಾಗ ಅದೇ ನಮಗೆ ಆಧಾರ. ಭಾರತದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಒಂದು ಆದೇಶ ಹೊರಡಿಸಿತು. ಅದರ ಪ್ರಕಾರ ಕಂಪನಿಗಳು ಇಂಥ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಲೇಬೇಕು. ನಾನು ನೋಡುವುದು ಬೇರೆ ವಿಷಯ. 180 ದಿನ ಆದ ಮೇಲೆ ಅದನ್ನು ಅಳಿಸುವವರು ಎಷ್ಟು ಜನ? ಯಾವ ಕೆಲಸಕ್ಕೆ ಇಟ್ಟುಕೊಂಡರು, ಆ ಕೆಲಸ ಮುಗಿದ ಮೇಲೆ ಏನು ಮಾಡಿದರು? ನನಗೆ ಇವೆರಡೇ ಪ್ರಶ್ನೆ. ಮುಂದೆ ಹೇಳುವ ಎಲ್ಲದಕ್ಕೂ ಇವೆರಡನ್ನು ಹಚ್ಚಿ ನೋಡಿ.

ಇನ್ನು ಕುಕಿ. "ಕುಕಿಗಳನ್ನು ಒಪ್ಪಿಕೊಳ್ಳಿ" ಅಂತ ಪುಟದ ಕೆಳಗೆ ಪಟ್ಟಿ ಬರುತ್ತದಲ್ಲ, ಅದೇ. ನಮ್ಮ ಹುಡುಗಿ ಅದನ್ನು ವೈರಸ್ ಅಂದುಕೊಂಡಿದ್ದಳು.

ವೆಬ್‌ಸೈಟಿಗೆ ಹುಟ್ಟಿನಿಂದಲೇ ಮರೆವು. ನೀವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದರೆ, ಈಗ ಬಂದವರು ಮತ್ತು ಆಗ ಬಂದವರು ಒಬ್ಬರೇ ಅಂತ ಅದಕ್ಕೆ ತಿಳಿಯುವುದಿಲ್ಲ. ಲಾಗಿನ್ ಆಗಿ ಮುಂದಿನ ಪುಟಕ್ಕೆ ಹೋದರೆ ಮತ್ತೆ ಪಾಸ್‌ವರ್ಡ್ ಕೇಳಬೇಕಾದೀತು. ಬುಟ್ಟಿಗೆ ಹಾಕಿದ ಸಾಮಾನು ಮಾಯವಾದೀತು. ಇದಕ್ಕೆ ದಾರಿ ಹುಡುಕಿದವರು ಲೂ ಮಾಂಟುಲಿ. ಅವರು ನೆಟ್‌ಸ್ಕೇಪ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದರು, ವರ್ಷ 1994.

ಅವರು ಮಾಡಿದ್ದು ಏನು ಅಂತ ತಿಳಿಯಲು ಜಾತ್ರೆಯಲ್ಲಿ ಚಪ್ಪಲಿ ಇಡುವವನನ್ನು ನೆನಪಿಸಿಕೊಳ್ಳಿ. ನೀವು ಚಪ್ಪಲಿ ಕೊಡುತ್ತೀರಿ. ಅವನು ಒಂದು ಟೋಕನ್ ಕೊಡುತ್ತಾನೆ, ಅದರ ಮೇಲೆ 57 ಅಂತಿರುತ್ತದೆ. ನಿಮ್ಮ ಹೆಸರು ಅವನಿಗೆ ಬೇಡ, ಊರು ಬೇಡ. ದರ್ಶನ ಮುಗಿಸಿ ಬಂದು ಟೋಕನ್ ತೋರಿಸಿದರೆ 57ನೇ ಗೂಡಿನ ಚಪ್ಪಲಿ ಕೊಡುತ್ತಾನೆ. ಕುಕಿ ಅಂದರೆ ಆ ಟೋಕನ್. ವೆಬ್‌ಸೈಟ್ ಒಂದು ನಂಬರ್ ಬರೆದು ನಿಮ್ಮ ಬ್ರೌಸರ್ ಕೈಗೆ ಕೊಡುತ್ತದೆ. ಮುಂದಿನ ಪುಟಕ್ಕೆ ಹೋದಾಗ ಬ್ರೌಸರ್ ಅದನ್ನು ತೋರಿಸುತ್ತದೆ. ಓಹ್, ಇವರು 57ನೆಯವರು, ಇವರ ಬುಟ್ಟಿಯಲ್ಲಿ ಎರಡು ಕಿಲೋ ಬೇಳೆ ಇದೆ ಅಂತ ಸೈಟಿಗೆ ನೆನಪಾಗುತ್ತದೆ. ಕೆಲವು ಟೋಕನ್ ಬ್ರೌಸರ್ ಮುಚ್ಚಿದ ಕೂಡಲೇ ಹೋಗುತ್ತವೆ. ಕೆಲವು ತಿಂಗಳುಗಟ್ಟಲೆ ಇರುತ್ತವೆ.

ಇಲ್ಲಿವರೆಗೆ ನ್ಯಾಯವಾಗಿಯೇ ಇದೆ, ಅಲ್ವಾ? ಟೋಕನ್ ಇಲ್ಲದೆ ಚಪ್ಪಲಿ ಸಿಗುವುದಿಲ್ಲ. ಇಂಥ ಕುಕಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಈಗ ಬೇರೆ ತರಹ ಯೋಚಿಸಿ. ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಸೂಪರ್ ಮಾರ್ಕೆಟ್, ಬಸ್ ಸ್ಟ್ಯಾಂಡ್, ಚರ್ಮದ ಡಾಕ್ಟರ ಆಸ್ಪತ್ರೆ, ವಕೀಲರ ಆಫೀಸು. ಇಷ್ಟೂ ಕಡೆ ಚಪ್ಪಲಿ ಇಡುವ ಗುತ್ತಿಗೆ ಒಬ್ಬನೇ ಹಿಡಿದಿದ್ದಾನೆ ಅಂದುಕೊಳ್ಳಿ. ಮತ್ತು ಎಲ್ಲ ಕಡೆಯೂ ನಿಮಗೆ ಅದೇ 57 ಕೊಡುತ್ತಾನೆ. ಅವನಿಗೆ ಇನ್ನೂ ನಿಮ್ಮ ಹೆಸರು ಗೊತ್ತಿಲ್ಲ. ಆದರೆ 57ನೆಯವರು ಸೋಮವಾರ ಗುಡಿಗೆ ಬಂದರು, ಬುಧವಾರ ಚರ್ಮದ ಡಾಕ್ಟರ ಹತ್ತಿರ ಹೋದರು, ಶುಕ್ರವಾರ ವಕೀಲರ ಬಳಿ ಎರಡು ತಾಸು ಕೂತರು ಅಂತ ಗೊತ್ತು. ಒಂದು ತಿಂಗಳು ಹೀಗೆ ಬರೆದುಕೊಂಡರೆ ನಿಮ್ಮ ಮನೆಯವರಿಗೆ ಗೊತ್ತಿಲ್ಲದ ಸಂಗತಿಯೂ ಅವನಿಗೆ ಗೊತ್ತಾಗುತ್ತದೆ. ಹೆಸರು ಸಿಗಲು ಬಹಳ ಹೊತ್ತು ಬೇಡ. ಯಾವುದೋ ಒಂದು ಕಡೆ ನೀವು ಹೆಸರು, ಫೋನ್ ನಂಬರ್ ಬರೆದರೆ ಸಾಕು.

ವೆಬ್‌ಸೈಟ್‌ಗಳಲ್ಲಿ ನಡೆಯುವುದು ಇದೇ. ನೀವು ತೆರೆದದ್ದು ಒಂದು ಸುದ್ದಿಯ ಸೈಟ್. ಆದರೆ ಆ ಪುಟದೊಳಗೆ ಜಾಹೀರಾತು ಕಂಪನಿಯ ಒಂದು ತುಂಡು ಇರುತ್ತದೆ, ಭೇಟಿ ಕೊಟ್ಟವರನ್ನು ಎಣಿಸುವ ಇನ್ನೊಂದು ಕಂಪನಿಯ ತುಂಡು ಇರುತ್ತದೆ, ಲೈಕ್ ಬಟನ್ ಇರುತ್ತದೆ. ಈ ಪ್ರತಿ ತುಂಡೂ ತನ್ನ ತನ್ನ ಮನೆಯಿಂದ ಬರುತ್ತದೆ. ಬರುವಾಗ ತನ್ನದೇ ಟೋಕನ್ ಕೊಟ್ಟು ಹೋಗುತ್ತದೆ. ಇದನ್ನು ಮೂರನೆಯವರ ಕುಕಿ ಅನ್ನುತ್ತಾರೆ. ಅದೇ ಜಾಹೀರಾತು ಕಂಪನಿಯ ತುಂಡು ಸಾವಿರಾರು ಸೈಟ್‌ಗಳಲ್ಲಿ ಇರುತ್ತದೆ. ಒಂದು ಸೈಟ್‌ನಲ್ಲಿ ಬಿತ್ತನೆ ಬೀಜ ನೋಡಿದರೆ ಇನ್ನೊಂದು ಸೈಟ್‌ನಲ್ಲಿ, ಪಂಚಾಂಗ ನೋಡುವಾಗಲೂ, ಬಿತ್ತನೆ ಬೀಜದ ಜಾಹೀರಾತು ಬೆನ್ನು ಹತ್ತುವುದು ಹೀಗೆ. ಫೋನ್ ನಮ್ಮ ಮಾತು ಕೇಳಿಸಿಕೊಂಡಿತು ಅಂತ ಜನ ಹೇಳುತ್ತಾರೆ. ಮಾತು ಕೇಳಬೇಕಾದ ಅಗತ್ಯವೇ ಇಲ್ಲ. ಟೋಕನ್ನೇ ಸಾಕು.

ಕಣ್ಣಿಗೆ ಕಾಣದ ತುಂಡುಗಳೂ ಇವೆ. ಪಿಕ್ಸೆಲ್ ಅನ್ನುವುದು ಒಂದು ಚುಕ್ಕೆಯಷ್ಟು ಅಗಲ, ಒಂದು ಚುಕ್ಕೆಯಷ್ಟು ಎತ್ತರದ ಚಿತ್ರ. ಅದು ನಿಮಗೆ ನೋಡಲು ಇಟ್ಟದ್ದಲ್ಲ. ಪುಟ ತೆರೆದಾಗ ಆ ಚಿತ್ರವನ್ನು ತರಲು ನಿಮ್ಮ ಬ್ರೌಸರ್ ಆ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಹೋದ ಕೂಡಲೇ ಅಲ್ಲಿಯ ವಹಿಯಲ್ಲಿ ನಿಮ್ಮ ಸಾಲು ಬೀಳುತ್ತದೆ. ಇಮೇಲ್‌ಗಳಲ್ಲಿಯೂ ಇದನ್ನು ಇಡುತ್ತಾರೆ. ನೀವು ಇಮೇಲ್ ತೆರೆದಿರೋ ಇಲ್ಲವೋ ಅಂತ ಕಳಿಸಿದವರಿಗೆ ತಿಳಿಯುವುದು ಇದರಿಂದಲೇ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಕ್ಲಿನಿಕ್‌ನ ಸೈಟ್ ಮಾಡಿದ್ದೆ. ಜಾಹೀರಾತಿಗೆ ಅನುಕೂಲ ಆಗಲಿ ಅಂತ ಎಲ್ಲ ಪುಟಕ್ಕೂ ಒಂದು ಪಿಕ್ಸೆಲ್ ಹಾಕಿದೆ. ಎಲ್ಲರೂ ಹಾಕುತ್ತಿದ್ದರು, ನಾನೂ ಹಾಕಿದೆ. ಆ ಪುಟಗಳಲ್ಲಿ ಮಕ್ಕಳಾಗದವರ ಚಿಕಿತ್ಸೆಯ ಪುಟವೂ ಇತ್ತು. ಆ ಪುಟ ತೆರೆದ ಹೆಣ್ಣುಮಗಳಿಗೆ ಆಮೇಲೆ ಬೇರೆ ಬೇರೆ ಕಡೆ ಅದೇ ಜಾಹೀರಾತು ಕಾಣಿಸಿರಬಹುದು. ಅವಳ ಫೋನನ್ನು ಅತ್ತೆಯೋ ಮೈದುನನೋ ನೋಡಿರಬಹುದು. ಈ ಯೋಚನೆ ನನಗೆ ಬಂದಾಗ ಸೈಟ್ ಶುರುವಾಗಿ ಒಂದು ವರ್ಷದ ಮೇಲಾಗಿತ್ತು. ಅವತ್ತೇ ತೆಗೆದೆ. ಆದರೆ ಆಗಲೇ ಹೋದದ್ದನ್ನು ವಾಪಸ್ ತರಲು ನನ್ನಿಂದ ಆಗಲಿಲ್ಲ. ಅದು ಈಗಲೂ ನನಗೆ ಚುಚ್ಚುತ್ತದೆ.

ಮೂರನೆಯವರ ಕುಕಿಯನ್ನು ಆಪಲ್‌ನ ಸಫಾರಿ ಬ್ರೌಸರ್ 2020ರಿಂದ ತಾನಾಗಿಯೇ ತಡೆಯುತ್ತದೆ. ಫೈರ್‌ಫಾಕ್ಸ್ ಕೂಡ ಹಿಂಬಾಲಿಸುವ ಕುಕಿಗಳನ್ನು ತಡೆಯುತ್ತದೆ. ಕ್ರೋಮ್ ತಾನೂ ನಿಲ್ಲಿಸುತ್ತೇನೆ ಅಂತ 2020ರಲ್ಲಿ ಹೇಳಿತ್ತು, ಹಲವು ಸಲ ಮುಂದೂಡಿ ಕೊನೆಗೆ ಆ ಯೋಜನೆ ಕೈಬಿಟ್ಟಿತು. ಆದರೆ ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ನೀವೇ ಅದನ್ನು ನಿಲ್ಲಿಸಬಹುದು. ಒಂದು ನಿಮಿಷದ ಕೆಲಸ. ನಿಲ್ಲಿಸಿದರೆ ಹೆಚ್ಚಿನ ಸೈಟ್‌ಗಳು ಮೊದಲಿನ ಹಾಗೆಯೇ ಕೆಲಸ ಮಾಡುತ್ತವೆ.

ಇನ್‌ಕಾಗ್ನಿಟೊ, ಅಂದರೆ ಬ್ರೌಸರ್‌ನಲ್ಲಿರುವ ಖಾಸಗಿ ಕಿಟಕಿ, ಅದರ ಬಗ್ಗೆ ಒಂದು ಮಾತು. ಅದರಲ್ಲಿ ತೆರೆದರೆ ಯಾರಿಗೂ ತಿಳಿಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ನಿಮ್ಮ ಫೋನಿನಲ್ಲಿ ಗುರುತು ಉಳಿಸುವುದಿಲ್ಲ, ಅಷ್ಟೇ. ವೆಬ್‌ಸೈಟಿಗೆ ನಿಮ್ಮ ಐಪಿ ವಿಳಾಸ ಹೋಗಿಯೇ ಹೋಗುತ್ತದೆ. ಮೊಬೈಲ್ ಕಂಪನಿಗೂ ನೀವು ಯಾವ ಸೈಟಿಗೆ ಹೋದಿರಿ ಅಂತ ತಿಳಿಯುತ್ತದೆ. ಅಂಗಡಿಯಲ್ಲಿ, ಸೈಬರ್ ಸೆಂಟರ್‌ನಲ್ಲಿ ಬೇರೆಯವರ ಕಂಪ್ಯೂಟರ್ ಬಳಸುವಾಗ ಮಾತ್ರ ಅದು ನಿಜಕ್ಕೂ ಉಪಯೋಗ.

ಹಾಗೆಯೇ ಸೈಟಿನ ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಅಂತಿದ್ದರೆ, ನಿಮ್ಮ ಫೋನಿನಿಂದ ಸೈಟಿನವರೆಗೆ ಹೋಗುವ ದಾರಿಯಲ್ಲಿ ನೀವು ಬರೆದದ್ದನ್ನು ಯಾರೂ ಓದಲು ಆಗುವುದಿಲ್ಲ. ಇದು ಬೇಕೇ ಬೇಕು. ಆದರೆ ದಾರಿ ಭದ್ರ ಅಂದಮಾತ್ರಕ್ಕೆ ಆ ಮನೆಯವರು ಒಳ್ಳೆಯವರು ಅಂತಲ್ಲ. ಮೋಸದ ಸೈಟ್‌ಗಳಿಗೂ ಎಚ್‌ಟಿಟಿಪಿಎಸ್ ಇರುತ್ತದೆ.

ಇಷ್ಟೆಲ್ಲ ತೋರಿಸಿದ ಮೇಲೆ ಅವಳು ಕೇಳಿದಳು. "ಆದ್ರ ಮಾಮಾ, ನನ್ನ ನಂಬರ್ ಕುಕಿ ತಗೊಂಡಿಲ್ಲಲ್ಲ. ನಾನೇ ಕೊಟ್ಟೀನಲ್ಲ?"

ಹೌದು. ಜಾಸ್ತಿ ಹಾನಿ ಆಗುವುದು ನಾವೇ ಕೈಯಾರೆ ತುಂಬಿದ್ದರಿಂದ. ಫಾರ್ಮ್ ಕಂಡರೆ ಎಲ್ಲ ಖಾನೆ ತುಂಬಬೇಕು ಅನ್ನುವುದು ನಮಗೆ ಶಾಲೆಯಿಂದ ಬಂದ ಅಭ್ಯಾಸ. ಖಾಲಿ ಬಿಟ್ಟರೆ ಅರ್ಜಿ ತಿರಸ್ಕಾರ ಆಗುತ್ತದೆ ಅನ್ನುವ ಹೆದರಿಕೆ. ನಮ್ಮ ಭಾಗದಲ್ಲಂತೂ ಒಂದು ಮಗು ಪಿಯುಸಿ ದಾಟುವ ಹೊತ್ತಿಗೆ ಎಷ್ಟು ಕಾಗದ ಕೊಟ್ಟಿರುತ್ತದೆ ಲೆಕ್ಕ ಹಾಕಿ. ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, 371ಜೆ ಪ್ರಮಾಣಪತ್ರ, ಆಧಾರ್, ಮಾರ್ಕ್ಸ್ ಕಾರ್ಡ್. ಸಿಇಟಿ ಅರ್ಜಿಯಲ್ಲಿ ಪರೀಕ್ಷಾ ಪ್ರಾಧಿಕಾರ ಕೆಇಎ 371ಜೆ ವಿವರ ಕೇಳಿದರೆ ಅದಕ್ಕೆ ಕಾರಣ ಇದೆ. ಕಲ್ಯಾಣ ಕರ್ನಾಟಕದ ಮೀಸಲು ಸೀಟು ಕೊಡಬೇಕಾದರೆ ಅದು ಬೇಕು. ಫೀಸ್ ಎಷ್ಟು ಅಂತ ಹೇಳಲು ಖಾಸಗಿ ಕೋಚಿಂಗ್‌ನವರಿಗೆ ಹುಡುಗಿಯ ಜಾತಿ ಯಾಕೆ ಬೇಕು? ಅಪ್ಪನ ಉದ್ಯೋಗ ಯಾಕೆ ಬೇಕು? ಎಷ್ಟು ದುಡ್ಡು ಕೊಡುವ ಶಕ್ತಿ ಇದೆ ಅಂತ ಅಳೆಯಲು ಬಿಟ್ಟರೆ ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ.

ನಕ್ಷತ್ರದ ಗುರುತು ಇಲ್ಲದ ಖಾನೆಯನ್ನು ಖಾಲಿ ಬಿಡಿ. ಏನೂ ಆಗುವುದಿಲ್ಲ. ಆಧಾರ್ ಕೇಳಿದರೆ, ಆ ಕೆಲಸಕ್ಕೆ ಆಧಾರ್ ಬೇಕೇ ಅಂತ ಒಂದು ಸಲ ಕೇಳಿ. ಗುರುತಿಗೆ ಮಾತ್ರ ಸಾಕು ಅಂದರೆ ಮಾಸ್ಕ್ಡ್ ಆಧಾರ್ ಕೊಡಿ. ಅದನ್ನು ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ಸೈಟಿನಿಂದಲೇ ಇಳಿಸಿಕೊಳ್ಳಬಹುದು. ಅದರಲ್ಲಿ 12 ಅಂಕಿಗಳ ಪೈಕಿ ಮೊದಲ 8 ಮುಚ್ಚಿರುತ್ತವೆ, ಕೊನೆಯ 4 ಮಾತ್ರ ಕಾಣುತ್ತವೆ.

ತುಂಬಿ ಕಳಿಸಿದ ಮೇಲೆ ಅದು ಎಲ್ಲಿ ಕೂತಿರುತ್ತದೆ? ಒಳ್ಳೆಯ ಸೈಟ್ ಆದರೆ ಒಂದು ಡೇಟಾಬೇಸ್‌ನಲ್ಲಿ, ಬೀಗ ಹಾಕಿ, ಯಾರು ತೆರೆದರು ಅಂತ ಲೆಕ್ಕ ಇಟ್ಟು. ಅದರಲ್ಲೂ ಪಾಸ್‌ವರ್ಡ್‌ಅನ್ನು ಇದ್ದ ಹಾಗೆ ಇಡಬಾರದು. ಹ್ಯಾಶ್ ಮಾಡಿ ಇಡಬೇಕು. ಹ್ಯಾಶ್ ಅಂದರೆ ಗಿರಣಿಗೆ ಹಾಕಿ ಬೀಸುವುದು. ಜೋಳ ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟಿನಿಂದ ವಾಪಸ್ ಜೋಳ ಬರುವುದಿಲ್ಲ. ನೀವು ಮುಂದಿನ ಸಲ ಪಾಸ್‌ವರ್ಡ್ ಹಾಕಿದಾಗ ಸೈಟ್ ಅದನ್ನೂ ಬೀಸಿ, ಎರಡೂ ಹಿಟ್ಟು ಒಂದೇ ಇದೆಯಾ ಅಂತ ನೋಡುತ್ತದೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದರೆ ಹಿಟ್ಟೂ ಒಂದೇ ಆಗಿ ಗುಟ್ಟು ಬಯಲಾಗುತ್ತದಲ್ಲ? ಅದಕ್ಕೇ ಬೀಸುವ ಮೊದಲು ಪ್ರತಿಯೊಬ್ಬರ ಜೋಳಕ್ಕೂ ಬೇರೆ ಬೇರೆ ತರಹದ ಒಂದು ಚಿಟಿಕೆ ಸೇರಿಸುತ್ತಾರೆ. ಈ ಕೆಲಸದವರು ಅದನ್ನು ಸಾಲ್ಟ್ ಅಂತಲೇ ಕರೆಯುತ್ತಾರೆ, ಉಪ್ಪು. ಯಾವುದಾದರೂ ಸೈಟ್‌ನಲ್ಲಿ ಪಾಸ್‌ವರ್ಡ್ ಮರೆತೆ ಅಂತ ಒತ್ತಿದಾಗ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ಗೆ ಕಳಿಸಿದರೆ, ಅವರು ಬೀಸಿಲ್ಲ, ಜೋಳವನ್ನೇ ಹೊರಗೆ ಚೆಲ್ಲಿಕೊಂಡು ಕೂತಿದ್ದಾರೆ ಅಂತ ಅರ್ಥ. ಆ ಸೈಟಿನ ಸಹವಾಸ ಬಿಡಿ. ಆ ಪಾಸ್‌ವರ್ಡ್ ಬೇರೆಲ್ಲಾದರೂ ಇಟ್ಟಿದ್ದರೆ ಅವತ್ತೇ ಬದಲಿಸಿ.

ಅಷ್ಟು ಒಳ್ಳೆಯದಲ್ಲದ ಸೈಟ್ ಆದರೆ ನಿಮ್ಮ ವಿವರ ಒಂದು ಎಕ್ಸೆಲ್ ಫೈಲ್‌ನಲ್ಲಿ ಇರುತ್ತದೆ. ಅದು ಮಾಲೀಕರ ಇಮೇಲ್‌ಗೆ ಹೋಗುತ್ತದೆ. ಅಲ್ಲಿಂದ ಫೋನ್ ಮಾಡುವ ಹುಡುಗರ ವಾಟ್ಸಾಪ್‌ಗೆ. ಆ ಹುಡುಗ ಕೆಲಸ ಬಿಟ್ಟು ಬೇರೆ ಸಂಸ್ಥೆ ಸೇರುತ್ತಾನೆ, ಫೈಲ್ ಅವನ ಫೋನಿನಲ್ಲೇ ಇರುತ್ತದೆ. ಇದನ್ನು ಕಂಪ್ಯೂಟರ್ ಕಳ್ಳರು ಮಾಡಬೇಕಾಗಿಲ್ಲ. ನಮ್ಮ ಹುಡುಗಿಯ ನಂಬರ್ ಹೀಗೆಯೇ ಹೋಗಿರಬೇಕು ಅನ್ನುವುದು ನನ್ನ ಊಹೆ. ಅಥವಾ ಅವಳೇ ಒಪ್ಪಿಗೆ ಕೊಟ್ಟಿರಬೇಕು.

ಒಪ್ಪಿಗೆ? ಹೌದು. ಫಾರ್ಮ್‌ನ ಕೆಳಗೆ ಒಂದು ಚಿಕ್ಕ ಚೌಕ ಇತ್ತು, ಅದರಲ್ಲಿ ಮೊದಲೇ ಟಿಕ್ ಆಗಿತ್ತು. "ಗೋಪ್ಯತಾ ನೀತಿಯನ್ನು ಒಪ್ಪುತ್ತೇನೆ" ಅಂತ. ಆ ನೀತಿಯ ಪುಟ ತೆರೆದು ಇಬ್ಬರೂ ಓದಿದೆವು. ಇಂಗ್ಲಿಷ್‌ನಲ್ಲಿತ್ತು, ಉದ್ದವಾಗಿತ್ತು. ಇಂಥ ಪುಟವನ್ನು ಪೂರ್ತಿ ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ನಾನು ನಾಲ್ಕು ಜಾಗ ಮಾತ್ರ ಹುಡುಕುತ್ತೇನೆ. ಯಾರ ಜೊತೆ ಹಂಚಿಕೊಳ್ಳುತ್ತಾರೆ, ಎಷ್ಟು ದಿನ ಇಡುತ್ತಾರೆ, ಅಳಿಸಲು ಹೇಗೆ ಕೇಳಬೇಕು, ದೂರು ಕೊಡಲು ಯಾರ ಇಮೇಲ್ ಇದೆ. ಆ ಪುಟದಲ್ಲಿ ಸಿಕ್ಕಿದ್ದು ಒಂದೇ ಸಾಲು: ನಿಮ್ಮ ಮಾಹಿತಿಯನ್ನು ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು. ಪಾಲುದಾರರು ಯಾರು ಅಂತ ಇರಲಿಲ್ಲ. ಹಾಸ್ಟೆಲ್‌ನವರೂ ಪಾಲುದಾರರೇ, ಸಾಲ ಕೊಡುವವರೂ ಪಾಲುದಾರರೇ.

ಇದನ್ನು ಕೇಳುವ ಕಾನೂನು ಇಲ್ಲವೇ ಅಂದರೆ, ಇದೆ. ಅದರ ಬೇರು ಕರ್ನಾಟಕದಲ್ಲೇ ಇದೆ ಅನ್ನುವುದು ನನಗೆ ಹೆಮ್ಮೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಭಾರತೀಯರಿಗೆ ಖಾಸಗಿತನ ಅನ್ನುವುದು ಮೂಲಭೂತ ಹಕ್ಕೇ ಅಲ್ಲವೇ ಅನ್ನುವ ಪ್ರಶ್ನೆ ಆ ಪ್ರಕರಣದಲ್ಲಿ ಎದ್ದಿತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೌದು ಅಂದಿತು. ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನೊಳಗೇ ಇದೂ ಇದೆ ಅಂತ ಹೇಳಿತು. 80 ದಾಟಿದ ವಯಸ್ಸಿನಲ್ಲಿ ಒಬ್ಬರು ಹಿಡಿದ ಹಟ ಅದು.

ಆ ತೀರ್ಪಿನ ನಂತರ, 2023ರ ಆಗಸ್ಟ್‌ನಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳು ಮಾಡಬೇಕಾದ ಮುಖ್ಯ ಕೆಲಸಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳವರೆಗೆ. ಅಲ್ಲಿವರೆಗೆ 2000ದ ಐಟಿ ಕಾಯ್ದೆ ಮತ್ತು ಅದರ 2011ರ ನಿಯಮಗಳೇ ಆಸರೆ. ಕಂಪನಿಗಳು ಗೋಪ್ಯತಾ ನೀತಿಯನ್ನು ಸೈಟ್‌ನಲ್ಲಿ ಹಾಕಲೇಬೇಕು ಅಂತ ಹೇಳಿದ್ದು ಆ ನಿಯಮಗಳೇ.

ಹೊಸ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಉದಾಹರಣೆ. ಕಾಯ್ದೆಯ ಒಳಗೇ ಅದನ್ನು ಬರೆದಿದ್ದಾರೆ. ಫೋನಿನಲ್ಲಿ ಡಾಕ್ಟರ ಸಲಹೆ ಕೊಡಿಸುವ ಒಂದು ಆ್ಯಪ್ ಇದೆ. ಅದು ಚಿಕಿತ್ಸೆಗೆ ಬೇಕಾದ ಮಾಹಿತಿಗೂ ಒಪ್ಪಿಗೆ ಕೇಳುತ್ತದೆ, ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ. ನೀವು ಎರಡಕ್ಕೂ ಹೂಂ ಅನ್ನುತ್ತೀರಿ. ಆದರೂ ಆ ಒಪ್ಪಿಗೆ ಚಿಕಿತ್ಸೆಯ ಮಾಹಿತಿಗೆ ಮಾತ್ರ ಸಲ್ಲುತ್ತದೆ. ಡಾಕ್ಟರ ಸಲಹೆಗೆ ಕಾಂಟ್ಯಾಕ್ಟ್ ಪಟ್ಟಿ ಬೇಕಾಗಿಲ್ಲ, ಹಾಗಾಗಿ ನೀವು ಹೂಂ ಅಂದಿದ್ದರೂ ಅದು ಹೂಂ ಅಲ್ಲ. ನಾನು ಮೊದಲು ಹೇಳಿದ ಪ್ರಶ್ನೆ, ಯಾವ ಕೆಲಸಕ್ಕೆ ಅನ್ನುವುದು, ಇಲ್ಲಿ ಕಾನೂನೇ ಆಗಿದೆ. ಎರಡನೆಯದೂ ಇದೆ. ಕೆಲಸ ಮುಗಿದ ಮೇಲೆ, ಅಥವಾ ನೀವು ಒಪ್ಪಿಗೆ ವಾಪಸ್ ಪಡೆದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ ಅಳಿಸಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು.

ಕನ್ನಡಿಗರಿಗೆ ಮುಖ್ಯವಾದ ಇನ್ನೊಂದು ಮಾತು. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದಲು ಅವಕಾಶ ಕೊಡಬೇಕು. ಅದರಲ್ಲಿ ಕನ್ನಡ ಇದೆ. ಜೇವರ್ಗಿಯ ಒಬ್ಬ ರೈತ ಬೆಳೆ ವಿಮೆಯ ಸೈಟ್‌ನಲ್ಲಿ ಏನಕ್ಕೆ ಒಪ್ಪುತ್ತಿದ್ದೇನೆ ಅಂತ ತನ್ನ ಭಾಷೆಯಲ್ಲಿ ಓದಬಹುದು ಅಂದರೆ ಅದು ದೊಡ್ಡ ಸಂಗತಿ. ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ.

18 ವರ್ಷದೊಳಗಿನವರ ಮಾಹಿತಿ ಪಡೆಯಲು ತಂದೆ ತಾಯಿಯ ಒಪ್ಪಿಗೆ ಬೇಕು, ಅದನ್ನು ಖಚಿತ ಮಾಡಿಕೊಳ್ಳಬೇಕು. ಅವರನ್ನು ಹಿಂಬಾಲಿಸಿ ಜಾಹೀರಾತು ತೋರಿಸುವಂತಿಲ್ಲ. ನಮ್ಮ ಹುಡುಗಿಗೆ ಆಗ 16 ವರ್ಷ. ಮಾಹಿತಿ ಸೋರಿಹೋದರೆ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ತಿಳಿಸಬೇಕು. ಸುರಕ್ಷತೆಯಲ್ಲಿ ಲೋಪ ಆದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಮೊದಲು ಆ ಸಂಸ್ಥೆಗೇ ದೂರು ಕೊಡಬೇಕು, ಸರಿಯಾಗದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ. ಸರ್ಕಾರಕ್ಕೆ ಮಾತ್ರ ಈ ಕಾಯ್ದೆಯಲ್ಲಿ ಬಹಳ ವಿನಾಯಿತಿ ಇದೆ. ನಮ್ಮ ಜಾತಿ, ಆದಾಯ, ಬೆರಳಚ್ಚು ಎಲ್ಲ ಜಾಸ್ತಿ ಇರುವುದು ಸರ್ಕಾರದ ಬಳಿಯೇ ಆದ್ದರಿಂದ ಅದು ನನಗೆ ಸರಿ ಕಾಣುವುದಿಲ್ಲ.

ಅವತ್ತು ರಾತ್ರಿ ಅವಳು ಆ ಸಂಸ್ಥೆಗೆ ಇಮೇಲ್ ಬರೆದಳು. ಕನ್ನಡದಲ್ಲೇ ಬರೆದಳು. "ನಾನು ನಿಮ್ಮ ವೆಬ್‌ಸೈಟ್‌ನಲ್ಲಿ ಫಾರ್ಮ್ ತುಂಬಿದ್ದೆ. ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ ತಿಳಿಸಿ. ಆಮೇಲೆ ಎಲ್ಲವನ್ನೂ ಅಳಿಸಿ. ಅಳಿಸಿದ ಮೇಲೆ ನನಗೆ ಬರೆಯಿರಿ. ನನಗೆ 18 ವರ್ಷ ಆಗಿಲ್ಲ." ಅವಳ ಅಮ್ಮನೂ ಕೆಳಗೆ ಹೆಸರು ಹಾಕಿದಳು. ಜೊತೆಗೆ 1909ಕ್ಕೆ ಕರೆ ಮಾಡಿ ಜಾಹೀರಾತು ಕರೆ ಬೇಡ ಅಂತ ನೋಂದಾಯಿಸಿದರು. ಸೀಟ್ ಕೊಡಿಸುತ್ತೇವೆ, ಮುಂಗಡ ಹಾಕಿ ಅನ್ನುವವರಿಗೆ ಯಾರಾದರೂ ದುಡ್ಡು ಹಾಕಿ ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು ಅಂತಲೂ ಅಕ್ಕನಿಗೆ ಬರೆದುಕೊಟ್ಟೆ.

ಎರಡು ವಾರದ ಮೇಲೆ ಅಳಿಸಿದ್ದೇವೆ ಅಂತ ಒಂದು ಸಾಲಿನ ಉತ್ತರ ಬಂತು. ಯಾರಿಗೆ ಕೊಟ್ಟರು ಅಂತ ಹೇಳಲಿಲ್ಲ. ಕರೆಗಳು ಕಡಿಮೆಯಾದವು, ನಿಲ್ಲಲಿಲ್ಲ. ಒಂದು ಫೈಲ್ ಅಳಿಸಿದರೂ ಅದರ ನಕಲುಗಳು ಇನ್ನೂ ಯಾರ ಯಾರ ಫೋನಿನಲ್ಲೋ ಇವೆ.

ಆ ವಾರವೇ ನಾನು ಗಂಜ್‌ಗೆ ಹೋದೆ. ಬೇಳೆ ವ್ಯಾಪಾರಿಯ ಸೈಟ್‌ನಲ್ಲಿ ದರ ನೋಡಲು ಏನೂ ಬೇಡ ಅಂದೆನಲ್ಲ, ಆದರೆ ಆರ್ಡರ್ ಕೊಡಲು ಒಂದು ಫಾರ್ಮ್ ಇತ್ತು. ಅದನ್ನು ನಾನೇ ಮಾಡಿದ್ದೆ. ಅದರಲ್ಲಿ ಹುಟ್ಟಿದ ದಿನಾಂಕದ ಖಾನೆ ಇತ್ತು, ಇಮೇಲ್ ಇತ್ತು, ಉದ್ಯೋಗ ಇತ್ತು. ಸಿದ್ಧ ಮಾದರಿಯಲ್ಲಿ ಇದ್ದವು, ನಾನು ಹಾಗೆಯೇ ಬಿಟ್ಟಿದ್ದೆ. ನಾಲ್ಕು ವರ್ಷದ ಆರ್ಡರ್‌ಗಳು ಅಲ್ಲೇ ಬಿದ್ದಿದ್ದವು.

"ಸಾವಕಾರ್ರೆ, ಈ ಖಾನೆಗಳನ್ನೆಲ್ಲ ತೆಗೀಲಾ? ಬಿಲ್ಲಿಗೆ, ತೆರಿಗೆ ಲೆಕ್ಕಕ್ಕೆ ಬೇಕಾದದ್ದು ಇಟ್ಟು ಹಳೇದೆಲ್ಲ ಅಳಸ್ತೀನಿ."

ಅವರು ಕನ್ನಡಕ ಏರಿಸಿಕೊಂಡು ಪರದೆ ನೋಡಿದರು. "ಬೇಳೆ ಕೊಳ್ಳವರ ಹುಟ್ಟಿದ ದಿನ ನಾ ಏನ್ ಮಾಡ್ಲಿ? ತೆಗೀರಿ. ಹೆಸರು, ನಂಬರ್, ಎಷ್ಟು ಕ್ವಿಂಟಲ್, ಎಲ್ಲಿಗಿ ಕಳಸಬೇಕು. ಇಷ್ಟ ಇದ್ರ ಸಾಕು ನೋಡ್ರಿ" ಅಂದರು.

ಅಲ್ಲೇ ಕೂತು ತೆಗೆದೆ.